ಒಣಗಲು ಬಿಡದ ಬಟ್ಟಲುಗಳು

ಹೊಗೆ ಬಿಡುವ ಯಂತ್ರವನ್ನು ಹೆಗಲಿಗೆ ಹಾಕಿಕೊಂಡು ಇಬ್ಬರು ಬೀದಿಯ ಬಾಯಿಗೆ ಬಂದು ನಿಂತಾಗ ಮುನಿಗಂಗಮ್ಮ ಜಗಲಿಯ ಮೇಲೆ ಕೂತು ಹಿಪ್ಪುನೇರಳೆ ಸೊಪ್ಪು ಬಿಡಿಸುತ್ತಿದ್ದಳು. ಯಂತ್ರ ಗುರ್ರೆಂದದ್ದೇ ತಡ, ಮಡಿಲಿನ ಸೊಪ್ಪು ಕೊಡವಿ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದವಳೇ ಬೀದಿಯ ನಟ್ಟನಡುವೆ ಕೂತುಬಿಟ್ಟಳು. ಮಳೆ ನಿಂತು ಇನ್ನೂ ಗಳಿಗೆಯಾಗಿರಲಿಲ್ಲ, ನೆಲವೆಲ್ಲ ಕೆಸರು. ಸೀರೆ ಹಾಳಾಗುತ್ತದಲ್ಲ ಎಂದು ಯೋಚಿಸುವ ಪೈಕಿ ಅಲ್ಲ ಅವಳು.

"ಏಳಮ್ಮ, ಸರ್ಕಾರದ ಕೆಲ್ಸ ಇದು," ಎಂದ ಯಂತ್ರ ಹೊತ್ತವನು.

"ಸರ್ಕಾರದ್ದಾದ್ರೇನು, ಸಾಹುಕಾರ್ರದ್ದಾದ್ರೇನು? ನನ್ನ ಹುಳ ಗೂಡು ಕಟ್ಟೋವರ್ಗೂ ಈ ಬೀದೀಲಿ ಹೊಗೆ ಆಡಂಗಿಲ್ಲ. ಆಗಲ್ಲ ಅಂದ್ರೆ ಆಗಲ್ಲ."

ಹಿಂದೆ ಬೈಕಿನಲ್ಲಿ ಬಂದ ಆರೋಗ್ಯ ನಿರೀಕ್ಷಕ ಕೆಂಪರಾಜು ಹೆಲ್ಮೆಟ್ ತೆಗೆದು, ಕೆಸರಿಗೆ ಹೆದರುತ್ತ ಹತ್ತಿರ ಬಂದ. ಒಳ್ಳೆಯವನೇ. ದನಿ ಎತ್ತಿ ಮಾತಾಡಿದ್ದನ್ನು ಯಾರೂ ಕೇಳಿದವರಿಲ್ಲ. ಪಕ್ಕದ ಬಡಾವಣೆಯಲ್ಲಿ ಡೆಂಗಿ ಜ್ವರ ಕಾಣಿಸಿಕೊಂಡಿದೆ, ಮಕ್ಕಳಿರುವ ಬೀದಿ ಇದು, ಹಟ ಮಾಡಬೇಡಿ ಎಂದು ಕೇಳಿಕೊಂಡ.

"ಈ ಬೀದೀಲಿ ಯಾರ್ಗಾದ್ರೂ ಬಂದೈತಾ ಸಾರ್?"

"ಇಲ್ಲಮ್ಮ, ಬರೋದು ಬೇಡ ಅಂತಾನೇ..."

"ಬಂದಾಗ ನೋಡಣ. ಈಗ ಪೋ, ಪೋ." ಸಿಟ್ಟು ಬಂದರೆ ಅವಳ ಬಾಯಿಗೆ ತೆಲುಗು ಬರುತ್ತದೆ. ಅಷ್ಟಾದ ಮೇಲೆ ಅವಳ ಹತ್ತಿರ ವಾದ ಮಾಡಿ ಗೆದ್ದವರು ಶಿಡ್ಲಘಟ್ಟದ ಈ ಕೊನೆಯಲ್ಲಂತೂ ಇಲ್ಲ. ಕೆಂಪರಾಜು ಯಂತ್ರವನ್ನು ಮುಂದಿನ ಬೀದಿಗೆ ಕಳಿಸಿದ.

ಅವಳದೇನು ಬರೀ ಮೊಂಡಾಟವಲ್ಲ. ರೇಷ್ಮೆ ಹುಳ ಸಾಕಿದವರಿಗೆ ಗೊತ್ತು, ಅಷ್ಟು ನಾಜೂಕಿನ ಜೀವ ಇನ್ನೊಂದಿಲ್ಲ. ಸೊಳ್ಳೆಗೆಂದು ಬಿಟ್ಟ ಹೊಗೆ ಸೊಳ್ಳೆಯನ್ನು ಕೊಂದು ಅಲ್ಲಿಗೇ ಸುಮ್ಮನಾಗುತ್ತದೆಯೇ? ಕಿಟಕಿಯ ಸಂದಿಯಲ್ಲಿ ನುಗ್ಗುತ್ತದೆ, ತೋಟದ ಸೊಪ್ಪಿನ ಮೇಲೆ ಕೂರುತ್ತದೆ. ಆ ಸೊಪ್ಪು ತಿಂದ ಹುಳ ಹಸಿರು ನೀರು ಕಕ್ಕಿಕೊಂಡು ತಿರುಚಿಕೊಂಡು ಸಾಯುತ್ತದೆ. ಕಳೆದ ಮಳೆಗಾಲದಲ್ಲಿ ಮುನಿಗಂಗಮ್ಮ ಕೈವಾರಕ್ಕೆ ಹೋಗಿದ್ದ ದಿನ ಪಕ್ಕದ ಬಡಾವಣೆಯವರು ತಾವೇ ಯಾರನ್ನೋ ಕರೆಸಿ ಹೊಗೆ ಹಾಕಿಸಿದ್ದರು. ಅವಳು ಬಸ್ಸಿಳಿದು ಬಂದು ಹುಳದ ಮನೆಯ ಬಾಗಿಲು ತೆಗೆದರೆ ತಟ್ಟೆ ತಟ್ಟೆಯ ಹುಳವೂ ಸತ್ತು ಮಲಗಿತ್ತು. ಮಂಕರಿಗಟ್ಟಲೆ ಹೊತ್ತು ತಿಪ್ಪೆಗೆ ಹಾಕಿದ್ದಳು. ಅವತ್ತು ಅವಳು ಅತ್ತಿದ್ದನ್ನು ಕಂಡವನು ಗಂಡ ಕೋನಪ್ಪ ಒಬ್ಬನೇ. ಅವನು ಯಾರಿಗೂ ಹೇಳಲಿಲ್ಲ, ಹೇಳಿದ್ದರೆ ಅವನ ಗತಿ ಬೇರೆಯಾಗುತ್ತಿತ್ತು.

ಈ ಸಲ ಹುಳ ನಾಲ್ಕನೇ ಜ್ವರ ಎದ್ದಿತ್ತು. ಹುಳ ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ಇಲ್ಲಿನವರು ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಯಿತೆಂದರೆ ಇನ್ನೊಂದು ವಾರ ಹಗಲೂ ರಾತ್ರಿ ತಿಂದು, ಹಣ್ಣಾಗಿ, ಗೂಡಿಗೆ ಏರುತ್ತದೆ. ಬೆಳೆ ಕೈಗೆ ಬರುವುದೂ ಬಾಯಿಗೆ ಬಾರದೆ ಹೋಗುವುದೂ ಈ ವಾರದಲ್ಲೇ. ಹೋದ ವರ್ಷ ಹೋದದ್ದು ಹೋಯಿತು, ಇದನ್ನು ಮಾತ್ರ ಬಿಟ್ಟುಕೊಡುವುದಿಲ್ಲ ಎಂದು ಮುನಿಗಂಗಮ್ಮ ಕಚ್ಚಿ ಕೂತಿದ್ದಳು.

ಅವಳ ಹಟ ಹುಟ್ಟಿದ ಕಥೆಯನ್ನೂ ಇಲ್ಲೇ ಹೇಳಿಬಿಡಬೇಕು. ಸಾದಲಿ ಕಡೆಯ ಹುಡುಗಿ, ಈ ಮನೆಗೆ ಸೊಸೆಯಾಗಿ ಬಂದು ಇನ್ನೂ ಹೊಸತು. ಮುಟ್ಟಾದ ಹೆಂಗಸು ಹುಳದ ಮನೆಯ ಹೊಸಿಲು ದಾಟಿದರೆ ಬೆಳೆ ಕೆಡುತ್ತದೆ ಎಂಬ ಕಟ್ಟಳೆ ಆಗ ಈ ಸೀಮೆಯಲ್ಲೆಲ್ಲ ಇತ್ತು, ಕೆಲವು ಮನೆಗಳಲ್ಲಿ ಈಗಲೂ ಇದೆ. ಆ ದಿನಗಳಲ್ಲಿ ಅವಳನ್ನು ಹೊರಗಿನ ಜಗಲಿಯಲ್ಲಿ ಕೂರಿಸುತ್ತಿದ್ದರು. ಒಂದು ಬೇಸಗೆಯಲ್ಲಿ ಮನೆಮಂದಿಯೆಲ್ಲ ಜಂಗಮಕೋಟೆಗೆ ಸಾವಿಗೆ ಹೋಗಿದ್ದರು. ಜಗಲಿಯಲ್ಲಿ ಒಂಟಿಯಾಗಿ ಕೂತಿದ್ದವಳು ಬೇಸರಕ್ಕೆ ಕಿಟಕಿಯಲ್ಲಿ ಇಣುಕಿದಳು. ನೋಡಿದರೆ, ಹುಳದ ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕಾಲುಗಳ ಮೇಲೆ ಕೆಂಪಿರುವೆ ಸಾಲುಗಟ್ಟಿ ಹತ್ತುತ್ತಿದೆ.

ಇರುವೆ ಹತ್ತಬಾರದೆಂದೇ ಸ್ಟ್ಯಾಂಡಿನ ಒಂದೊಂದು ಕಾಲನ್ನೂ ಕಲ್ಲಿನ ಬಟ್ಟಲಲ್ಲಿ ಇಟ್ಟು, ಬಟ್ಟಲಿಗೆ ನೀರು ತುಂಬಿರುತ್ತಾರೆ. ಆ ಬಿಸಿಲಿಗೆ ನೀರು ಬತ್ತಿತ್ತು, ಸಾವಿನ ಗಡಿಬಿಡಿಯಲ್ಲಿ ಯಾರೂ ನೋಡಿರಲಿಲ್ಲ. ಮುನಿಗಂಗಮ್ಮ ಕಟ್ಟಳೆಯ ಮುಖ ನೋಡುತ್ತ ಕೂರಲಿಲ್ಲ. ಒಳಗೆ ನುಗ್ಗಿ ಬಟ್ಟಲಿಗೆಲ್ಲ ನೀರು ಹೊಯ್ದಳು, ತಟ್ಟೆಯೊಳಗಿನ ಇರುವೆಗಳನ್ನು ಬೆರಳಲ್ಲಿ ಹೆಕ್ಕಿ ಹೆಕ್ಕಿ ಕೊಂದಳು. ಕೈಯೆಲ್ಲ ಊದಿಕೊಂಡಿತು. ಅತ್ತೆ ವಾಪಸು ಬಂದಾಗ ಮುಚ್ಚಿಡಲೂ ಇಲ್ಲ.

"ಬೆಳೆ ಕೆಟ್ರೆ ನನ್ನ ತಲೆ ಮೇಲೆ ಹಾಕಿ. ಕೆಡ್ದಿದ್ರೆ ಇನ್ಮೇಲೆ ನಾನು ಹೊರ್ಗೆ ಕೂರೋಳಲ್ಲ," ಎಂದಳು.

ಬೆಳೆ ಕೆಡಲಿಲ್ಲ. ಬೀದಿಯಲ್ಲಿ ಎಲ್ಲರಿಗಿಂತ ಗಟ್ಟಿ ಗೂಡು ಆ ಸಲ ಅವರ ಮನೆಯದೇ. ಆ ದಿನಗಳಲ್ಲಿ ಸೊಸೆ ಮತ್ತೆ ಜಗಲಿಗೆ ಹೋಗಲಿಲ್ಲ. ಅವತ್ತಿನಿಂದ ಆ ಮನೆಯ ಬಟ್ಟಲುಗಳು ಒಣಗಿದ್ದೂ ಇಲ್ಲ. ಬೆಳಗಾದರೆ ಚೊಂಬು ಹಿಡಿದು ಕಾಲು ಕಾಲಿಗೂ ನೀರು ಹೊಯ್ಯುವುದು ಅವಳ ಮೊದಲ ಕೆಲಸ. ತಾನು ತೀರಿಹೋದರೂ ಬಟ್ಟಲು ಬತ್ತಬಾರದು ಎಂದು ಕೋನಪ್ಪನಿಗೆ ಹೇಳಿಟ್ಟಿದ್ದಳು. ನಿನಗಿಂತ ಮುಂಚೆ ನಾನೇ ಹೋಗ್ತೀನಿ, ನೀನೇ ಹೊಯ್ಕೋ ಎಂದು ಅವನು ನಕ್ಕಿದ್ದ.

ಕಟ್ಟಳೆ ಮುರಿದವಳು ಕಾಲ ಕಳೆದಂತೆ ತನ್ನದೇ ಒಂದು ಕಟ್ಟಳೆ ಮಾಡಿಕೊಂಡಳು, ಅದೇ ತಮಾಷೆ. ನಾಲ್ಕನೇ ಜ್ವರ ಎದ್ದ ಮೇಲೆ ಹೊರಗಿನವರ ಒಂದು ಕಾಲೂ ಹುಳದ ಮನೆಗೆ ಬೀಳಕೂಡದು. ಹೊರಗಿನಿಂದ ರೋಗ ಬರುತ್ತದೆ ಎಂಬುದು ನಿಜವೇ, ರೇಷ್ಮೆ ಇಲಾಖೆಯವರೂ ಹೇಳುತ್ತಾರೆ. ಆದರೆ ಅವಳು ಇಲಾಖೆಯವರನ್ನೇ ಒಳಗೆ ಬಿಡುತ್ತಿರಲಿಲ್ಲ.

ಹಾಗಾಗಿ ಆಶಾ ಕಾರ್ಯಕರ್ತೆ ಅಮೃತ ಟಾರ್ಚು ಹಿಡಿದು ಮನೆ ಮನೆಯ ನೀರು ನೋಡಿಕೊಂಡು ಬಂದಾಗ ಈ ಬಾಗಿಲಲ್ಲಿ ನಿಲ್ಲಬೇಕಾಯಿತು. ಅಮೃತ ಇದೇ ಬೀದಿಯ ಸೊಸೆ, ಮುನಿಗಂಗಮ್ಮನನ್ನು ದೊಡ್ಡಮ್ಮ ಎನ್ನುವವಳು.

"ಅಡುಗೆಮನೆ ನೋಡ್ಕೋ, ಬಚ್ಚಲು ನೋಡ್ಕೋ, ಹಂಡೆಯೊಳಕ್ಕೆ ಇಳ್ದು ನೋಡ್ಕೋ. ಹುಳದ ಮನೆ ಮಾತ್ರ ಕೇಳ್ಬೇಡ."

"ಅಲ್ಲೂ ನೀರಿರುತ್ತಲ್ಲ ದೊಡ್ಡಮ್ಮ."

"ಅಲ್ಲಿ ನಾನಿರ್ತೀನಿ. ನಾನು ಸಾಕಿರೋದು ರೇಷ್ಮೆ ಹುಳ, ಸೊಳ್ಳೆ ಅಲ್ಲ."

ಕಸದ ಆಟೋ ಬೆಳಗ್ಗೆ ಬೆಳಗ್ಗೆಯೇ ಮೈಕಿನಲ್ಲಿ ಕೂಗಿಕೊಂಡು ಹೋಗುತ್ತಿತ್ತು: ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆಯನ್ನು ನಾರಿನಿಂದ ಉಜ್ಜಿ, ಒಣಗಿಸಿ, ಆಮೇಲೆ ತುಂಬಿ, ಡೆಂಗಿ ಸೊಳ್ಳೆ ಹುಟ್ಟುವುದು ಕೊಳಚೆಯಲ್ಲಲ್ಲ, ತಿಳಿನೀರಿನಲ್ಲಿ, ಕಚ್ಚುವುದು ಹಗಲು ಹೊತ್ತಿನಲ್ಲಿ. ಕೇಳುವವರು ಯಾರು? ನಲ್ಲಿಯಲ್ಲಿ ನೀರು ಬರುವುದೇ ಅಪರೂಪ, ಹಿಡಿದಿಟ್ಟದ್ದನ್ನು ಚೆಲ್ಲು ಎಂದರೆ ಯಾರಿಗೆ ಮನಸ್ಸು ಬರುತ್ತದೆ? ಎದುರುಮನೆಯ ಆವುಲಪ್ಪನಂತೂ ಮನೆ ಮುಂದೆ ಸಾಲಾಗಿ ಡ್ರಮ್ಮು ನಿಲ್ಲಿಸಿ, ಮುಚ್ಚಳ ಕಾಣದ ಹಾಗೆ ಹಳೇ ಗೋಣಿಚೀಲ ಹೊದಿಸಿದ್ದ. ಮುನಿಗಂಗಮ್ಮ ಜಗಲಿಯಿಂದಲೇ ಅವನಿಗೆ ಬೈಯುತ್ತಿದ್ದಳು. ಊರಿನ ಡ್ರಮ್ಮುಗಳನ್ನೆಲ್ಲ ಬಿಟ್ಟು ನನ್ನ ಹುಳದ ಮೇಲೆ ಹೊಗೆ ಬಿಡುತ್ತಾರಂತೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಹೇಳುತ್ತಿದ್ದಳು.

ಪಕ್ಕದ ಮನೆ ದಿಲ್ಷಾದ್ ಬೇಗಂಳದು. ಗಂಡ ಮುಖ್ತಾರ್, ಹೆಂಡತಿ ಇಬ್ಬರೂ ಗೂಡು ಬೇಯಿಸಿ ನೂಲು ತೆಗೆಯುವ ಘಟಕದಲ್ಲಿ ಕೆಲಸಕ್ಕೆ ಹೋಗುತ್ತಾರೆ. ಒಬ್ಬಳೇ ಮಗಳು ಸಾಬ್ರೀನ್ ಸ್ಕೂಲು ಬಿಟ್ಟ ಮೇಲೆ ಅಮ್ಮ ಬರುವವರೆಗೂ ಮುನಿಗಂಗಮ್ಮನ ಜಗಲಿಯಲ್ಲೇ ಇರುತ್ತಾಳೆ. ಹುಳದ ಮನೆಯ ಕಿಟಕಿಗೆ ಬೆನ್ನು ಕೊಟ್ಟು ಕೂತು ಹೋಮ್‌ವರ್ಕ್ ಬರೆಯುವುದು, ಹುಳಗಳು ಸೊಪ್ಪು ತಿನ್ನುವ ಸದ್ದು ಕೇಳುವುದು. ಮಳೆ ಬಂದ ಹಾಗೆ ಕೇಳಿಸುತ್ತೆ ಅಜ್ಜಿ ಎನ್ನುತ್ತಿದ್ದಳು. ಒಂದು ಸಲ ಒಳಗೆ ಬಿಡು ಎಂದು ಗೋಗರೆದರೂ ಅಜ್ಜಿ ಬಿಟ್ಟಿರಲಿಲ್ಲ. ಬದಲಿಗೆ ಒಂದು ಹುಳವನ್ನು ಎಲೆಯ ಮೇಲಿಟ್ಟು ಹೊರಗೆ ತಂದು ತೋರಿಸುತ್ತಿದ್ದಳು. ಮಕ್ಕಳಿಲ್ಲದ ಮುನಿಗಂಗಮ್ಮನಿಗೆ ಆ ಹುಡುಗಿ ಎಂದರೆ ಪ್ರಾಣ. ಇದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಯಂತ್ರವನ್ನು ಅಡ್ಡಗಟ್ಟಿದ ಮಾರನೇ ದಿನ ಸಾಬ್ರೀನ್‌ಗೆ ಜ್ವರ ಬಂತು. ಕಣ್ಣಿನ ಹಿಂದೆ ನೋವು, ಕೈಕಾಲು ಮುರಿದುಹಾಕಿದಂತೆ ನೋವು. ಮೆಡಿಕಲ್ ಸ್ಟೋರಿನಲ್ಲಿ ನೋವಿನ ಮಾತ್ರೆ ಕೇಳಲು ಹೊರಟಿದ್ದ ಮುಖ್ತಾರ್‌ನನ್ನು ಅಮೃತ ದಾರಿಯಲ್ಲೇ ತಡೆದಳು.

"ಬೇರೆ ಯಾವ ಮಾತ್ರೇನೂ ಬೇಡ ಮುಖ್ತಾರಣ್ಣ. ಡೆಂಗಿ ಆಗಿದ್ರೆ ಆ ನೋವಿನ ಮಾತ್ರೆಯಿಂದ ರಕ್ತ ಸೋರುತ್ತೆ. ಬರೀ ಪ್ಯಾರಾಸಿಟಮಾಲ್ ಕೊಡಿ. ಗಂಜಿ, ಎಳನೀರು, ಓಆರ್‌ಎಸ್ ಕುಡಿಸ್ತಾನೇ ಇರಿ. ಇವತ್ತೇ ರಕ್ತ ಪರೀಕ್ಷೆ ಮಾಡಿಸಣ."

ಪರೀಕ್ಷೆಯಲ್ಲಿ ಡೆಂಗಿ ಎಂದೇ ಬಂತು. ಜ್ವರ ಇಳಿದ ದಿನ ಎಲ್ಲರೂ ಸಮಾಧಾನಪಟ್ಟುಕೊಂಡರು. ಅಮೃತ ಮಾತ್ರ ಸಮಾಧಾನಪಡಲಿಲ್ಲ. ಜ್ವರ ಇಳಿದ ಮೇಲೆಯೇ ಹುಷಾರಾಗಿರಬೇಕು, ಹೊಟ್ಟೆನೋವು, ವಾಂತಿ, ಒಸಡಿನಲ್ಲಿ ರಕ್ತ ಕಂಡರೆ ಒಂದು ಗಳಿಗೆಯೂ ಕಾಯಬೇಡಿ ಎಂದಿದ್ದಳು. ಅದೇ ಸಂಜೆ ಹುಡುಗಿ ಹೊಟ್ಟೆ ಹಿಡಿದುಕೊಂಡು ನರಳಿದಳು. ಗಂಡ ಹೆಂಡತಿ ಅವಳನ್ನು ಹೊತ್ತುಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದರು. ಪ್ಲೇಟ್‌ಲೆಟ್ ಇಳಿದಿದೆ, ಡ್ರಿಪ್ ಹಾಕಿ ಮಲಗಿಸಿಕೊಂಡಿದ್ದಾರೆ ಎಂದು ಮುಖ್ತಾರ್ ಫೋನಿನಲ್ಲಿ ಹೇಳಿದ.

ಬೀದಿ ಮುನಿಗಂಗಮ್ಮನ ಕಡೆ ತಿರುಗಿತು. "ಅವತ್ತೇ ಹೊಗೆ ಹಾಕ್ಸಿದ್ರೆ ಇಷ್ಟೆಲ್ಲ ಆಗ್ತಿತ್ತಾ? ಈಯಮ್ಮ ಊರ್ಗೇ ಅಡ್ಡ ಕೂತ್ಕೊಂಡ್ಲು," ಎಂದು ಆವುಲಪ್ಪ ಕೇಳಿಸುವ ಹಾಗೇ ಹೇಳಿದ. ಅವಳು ಬಿಡುವವಳೇ? ನಿನ್ನ ಡ್ರಮ್ಮಿನ ಗೋಣಿ ತೆಗೆದು ನೋಡು ಮೊದಲು ಎಂದಳು. ಬಾಯಿಗೆ ಬಾಯಿ ಕೊಟ್ಟಳು ನಿಜ. ಆದರೆ ಅವತ್ತು ಒಂದೇ ತಟ್ಟೆಗೆ ಎರಡು ಸಲ ಸೊಪ್ಪು ಹಾಕಿದಳು.

ಮಧ್ಯಾಹ್ನ ಅಮೃತ ಬಂದು ಜಗಲಿಯ ತುದಿಯಲ್ಲಿ ಕೂತಳು. ಜಗಳಕ್ಕೆ ಬಂದವಳಲ್ಲ, ಯೋಚನೆ ಮಾಡುತ್ತ ಬಂದವಳು.

"ಅವರ ಮನೆ ಎಲ್ಲಾ ಹುಡುಕ್ದೆ ದೊಡ್ಡಮ್ಮ. ಒಂದು ಸೊಳ್ಳೆ ಮರೀನೂ ಇಲ್ಲ. ದಿಲ್ಷಾದಕ್ಕ ವಾರ ವಾರ ಡ್ರಮ್ಮು ಉಜ್ತಾರೆ. ಸ್ಕೂಲಲ್ಲೂ ನೋಡ್ಕೊಂಡು ಬಂದೆ. ಈ ಸೊಳ್ಳೆ ದೂರ ಹಾರಲ್ಲ. ಹಗಲು ಹೊತ್ತು ಮಗು ಎಲ್ಲಿರ್ತಾಳೆ?"

ಉತ್ತರ ಇಬ್ಬರಿಗೂ ಗೊತ್ತಿತ್ತು. ಅಮೃತ ಕೂತಿದ್ದ ಜಾಗವೇ ಅದು, ಬೆನ್ನ ಹಿಂದೆ ಹುಳದ ಮನೆಯ ಕಿಟಕಿ.

"ನಾನು ಒಳಗೆ ಬರಲ್ಲ. ನೀವೇ ಒಂದ್ಸಲ ನೋಡಿ," ಎಂದು ಟಾರ್ಚನ್ನು ಅಲ್ಲೇ ಬಿಟ್ಟು ಅಮೃತ ಎದ್ದು ಹೋದಳು.

ಮುನಿಗಂಗಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹುಳಗಳು ಕರಕರನೆ ತಿನ್ನುತ್ತಿದ್ದವು. ನೆಲಕ್ಕೆ ಮೊಣಕಾಲೂರಿ ಮೊದಲ ಸ್ಟ್ಯಾಂಡಿನ ಕಾಲಡಿಗೆ ಬೆಳಕು ಬಿಟ್ಟಳು. ದಿನಾ ಬೆಳಗ್ಗೆ ನೋಡುತ್ತಿದ್ದ ಬಟ್ಟಲೇ. ನಿಂತು ನೀರು ಹೊಯ್ಯುತ್ತಿದ್ದವಳು ಬಗ್ಗಿ ನೋಡಿರಲಿಲ್ಲ, ಅಷ್ಟೇ. ಬೆಳಕು ಬಿದ್ದದ್ದೇ ತಡ, ನೀರಿನೊಳಗೆ ಸಣ್ಣ ಸಣ್ಣ ಮರಿಗಳು ತಲೆ ಕೆಳಗೆ ಮಾಡಿಕೊಂಡು ತಳಕ್ಕೆ ಓಡಿದವು. ಮುಂದಿನ ಬಟ್ಟಲಲ್ಲೂ ಅದೇ. ಕಿಟಕಿಯ ಪಕ್ಕದ್ದರಲ್ಲಂತೂ ಗಿಜಿಗುಟ್ಟುತ್ತಿದ್ದವು.

ಬಟ್ಟಲನ್ನು ಚೆಲ್ಲಿ ತೊಳೆಯಬೇಕೆಂದರೆ ಹುಳ ತುಂಬಿದ ಸ್ಟ್ಯಾಂಡಿನ ಕಾಲನ್ನು ಎತ್ತಬೇಕು. ಒಬ್ಬರು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಬಟ್ಟಲು ಎಳೆಯಬೇಕು. ಕೋನಪ್ಪನ ಸೊಂಟ ಬಿದ್ದ ಮೇಲೆ ಆ ತಾಪತ್ರಯವೇ ಬೇಡವೆಂದು ಅವಳು ಇದ್ದ ನೀರಿಗೇ ನೀರು ಹೊಯ್ಯುತ್ತ ಬಂದಿದ್ದಳು. ಬತ್ತದಿದ್ದರಾಯಿತು ಎಂಬುದೊಂದೇ ಲೆಕ್ಕ. ಯಾವ ನೀರಿನಿಂದ ಮೆರೆದಿದ್ದಳೋ ಅದೇ ನೀರು ಪಕ್ಕದ ಮನೆಯ ಮಗುವನ್ನು ಆಸ್ಪತ್ರೆಯಲ್ಲಿ ಮಲಗಿಸಿತ್ತು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ನೋಡಿದವರು ಯಾರೂ ಇರಲಿಲ್ಲ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಆ ಹೊತ್ತಿಗೇ ಬೀದಿಯಲ್ಲಿ ಯಂತ್ರ ಗುರ್ರೆಂದಿತು.

ಮುನಿಗಂಗಮ್ಮ ಸ್ಟೀಲಿನ ಲೋಟವನ್ನು ಕಿಟಕಿಯ ಪಕ್ಕದ ಬಟ್ಟಲಲ್ಲಿ ಅದ್ದಿ ತುಂಬಿಕೊಂಡು, ಅದನ್ನು ಸೆರಗಿನಡಿ ಹಿಡಿದು ಹೊರಗೆ ಬಂದಳು. ಹಿಂದಿನ ಸಲ ಕೂತಿದ್ದ ಜಾಗದಲ್ಲೇ ಹೋಗಿ ಕೂತಳು. ಈ ಸಲ ಬೀದಿಯೆಲ್ಲ ನೆರೆದಿತ್ತು. ಕೆಂಪರಾಜು ಈಗಲೂ ದನಿ ಎತ್ತಲಿಲ್ಲ.

"ಈಗ ಬೀದೀಲಿ ಕೇಸ್ ಬಂದಿದೆಯಮ್ಮ. ಕೇಸ್ ಬಂದ ಮನೆ ಸುತ್ತ ಹೊಗೆ ಹಾಕ್ಲೇಬೇಕು. ಬಂದಾಗ ನೋಡಣ ಅಂತ ನೀವೇ ಅಂದಿದ್ರಿ."

"ಅಂದಿದ್ದೆ. ಈಗ್ಲೂ ಆಗಲ್ಲ ಅಂತೀನಿ. ಇನ್ನೆರಡು ದಿನದಲ್ಲಿ ಹುಳ ಗೂಡಿಗೆ ಏರ್ತದೆ. ಆಮೇಲೆ ಬಂದು ಊರೆಲ್ಲ ಹೊಗೆ ಮಾಡ್ಕೊಳಿ."

"ಮಗು ಸಾಯ್ತಾ ಬಿದ್ದೈತೆ, ಈಯಮ್ಮಂಗೆ ಹುಳದ ಚಿಂತೆ," ಎಂದ ಆವುಲಪ್ಪ. ಹೌದೌದು ಎಂದರು ಹಿಂದಿನವರು. ಯಾರೋ ಅವಳ ರಟ್ಟೆಗೆ ಕೈ ಹಾಕಿದರು. ಅವಳು ಕೊಸರಿಕೊಂಡಳು, ಲೋಟ ಮಾತ್ರ ತುಳುಕದ ಹಾಗೆ ಹಿಡಿದಿದ್ದಳು.

ಆಗ ದಿಲ್ಷಾದ್ ಬಂದಳು. ಮಗಳ ಬಟ್ಟೆ ತೆಗೆದುಕೊಂಡು ಹೋಗಲು ಬಸ್ಸಿನಲ್ಲಿ ಬಂದಿದ್ದಳು. ನಿದ್ದೆಗೆಟ್ಟು ಕಣ್ಣು ಕೆಂಪಾಗಿದ್ದವು. ಜನ ದಾರಿ ಬಿಟ್ಟರು. ಕೆಂಪರಾಜು ಅವಳ ಹತ್ತಿರ ಹೋಗಿ, ಮಗು ನಿಮ್ಮದು, ಮನೆ ನಿಮ್ಮದು, ನೀವು ಹೇಳಿದ ಹಾಗೆ ಮಾಡುತ್ತೇವೆ, ಹೊಗೆ ಹಾಕೋಣವೇ ಎಂದು ಕೇಳಿದ. ದಿಲ್ಷಾದ್ ಕೆಸರಿನಲ್ಲಿ ಕೂತ ಮುನಿಗಂಗಮ್ಮನನ್ನು ನೋಡಿದಳು. ಇವಳ ಹುಳ ಸತ್ತರೆ ಏನಾಗುತ್ತದೆಂದು ಗೂಡಿನ ಅನ್ನ ತಿನ್ನುವ ಅವಳಿಗೆ ಬೇರೆಯವರು ಹೇಳಬೇಕಿರಲಿಲ್ಲ. ಹೋದ ವರ್ಷ ಸತ್ತ ಹುಳ ಹೊರಲು ಮಂಕರಿಗೆ ಕೈ ಕೊಟ್ಟವಳು ಅವಳೇ. ಪಾಪ ಹೋಗಲಿ, ಬೇಡ ಎನ್ನಲು ಬಾಯಿ ತೆರೆದಳು. ಅದು ಅವಳ ಮುಖದಲ್ಲೇ ಕಾಣುತ್ತಿತ್ತು.

"ತಾಳು," ಎಂದಳು ಮುನಿಗಂಗಮ್ಮ. "ಹೇಳೋಕ್ಮುಂಚೆ ಇದನ್ನ ನೋಡು."

ಲೋಟವನ್ನು ಎತ್ತಿ ಹಿಡಿದಳು. ದಿಲ್ಷಾದ್ ಬಗ್ಗಿ ನೋಡಿದಳು. ಹೊಳೆಯುವ ತಳದ ಮೇಲೆ ಮರಿಗಳು ಹೊರಳಾಡುತ್ತಿದ್ದವು.

"ನನ್ನ ಹುಳದ ಮನೇದು. ಸಾಬ್ರೀನ್ ಕೂತ್ಕೊಂಡು ಓದ್ತಿದ್ಲಲ್ಲ, ಆ ಕಿಟಕಿ ಪಕ್ಕದ್ದು. ಅಮೃತ ನೋಡ್ತೀನಿ ಅಂದ್ಲು, ನಾನು ಬಿಡ್ಲಿಲ್ಲ. ಮಗೂಗೆ ಕಚ್ಚಿದ್ದು ಇಲ್ಲೀದೇ ಇರ್ಬೇಕು. ಈಗ ಹೇಳು. ಹಾಕು ಅಂದ್ರೆ ಎದ್ದು ಹೋಗ್ತೀನಿ. ನಿನ್ನ ಮಾತಿಗೆ ಅಡ್ಡ ಕೂರಲ್ಲ."

ಯಂತ್ರದವನು ಯಂತ್ರ ಆರಿಸಿದ.

ದಿಲ್ಷಾದ್ ಲೋಟವನ್ನು ಕಿತ್ತುಕೊಂಡು ಕೆಸರಿಗೆ ಚೆಲ್ಲಿದಳು. "ನಿನ್ನ ಹತ್ರ ಬಿಟ್ಟು ಹೋಗ್ತಿದ್ದೆನಲ್ಲಕ್ಕ," ಎಂದಳು. "ಯಾರ್ ಹತ್ರಾನೂ ಬಿಡ್ದೋಳು ನಿನ್ನ ಹತ್ರ ಬಿಟ್ಟು ಹೋಗ್ತಿದ್ದೆ." ಇನ್ನೇನೋ ಹೇಳಹೊರಟು ಅಳು ಬಂತು. ಅಳು ನಿಲ್ಲುವ ಮೊದಲೇ ಕೇಳಿದಳು, "ಇಂಥವು ಇನ್ನೂ ಅವೆಯಾ?"

"ಎಲ್ಲಾ ಕಾಲ್ಗೂ ಅವೆ."

"ಬಾಗ್ಲು ತೆಗಿ."

ಆ ಬಾಗಿಲು ಈ ಹಂತದಲ್ಲಿ ಯಾರಿಗೂ ತೆರೆದದ್ದಲ್ಲ. ಮುನಿಗಂಗಮ್ಮ ಎದ್ದು ಹೋಗಿ ತೆರೆದಳು. ದಿಲ್ಷಾದ್ ಚಪ್ಪಲಿ ಕಳಚಿದಳು, ಅಷ್ಟು ಸಿಟ್ಟಿನಲ್ಲೂ ಹೊಸಿಲಿನ ಬಳಿ ಇಟ್ಟಿದ್ದ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ಕಾಲು ಅದ್ದಿದಳು, ಕೈ ತೊಳೆದಳು. ಯಾರೂ ಹೇಳಿಕೊಡಲಿಲ್ಲ. ಒಳಗೆ ಹೋಗಿ ಮೊದಲ ಸ್ಟ್ಯಾಂಡಿಗೆ ಹೆಗಲು ಕೊಟ್ಟು ಎತ್ತಿದಳು.

"ಎಳಿ," ಎಂದಳು.

ಮುನಿಗಂಗಮ್ಮ ಬಟ್ಟಲು ಎಳೆದಳು, ಹೊರಗೆ ಒಯ್ದು ಬಿಸಿಲಿನ ನೆಲಕ್ಕೆ ಚೆಲ್ಲಿದಳು, ತೆಂಗಿನ ನಾರಿನಿಂದ ಒಳಗೋಡೆ ಉಜ್ಜಿದಳು. ಮೊಟ್ಟೆ ಅಂಟಿರುತ್ತೆ ದೊಡ್ಡಮ್ಮ, ಇನ್ನೂ ಗಟ್ಟಿಯಾಗಿ ಎಂದು ಅಮೃತ ಹೊಸಿಲಾಚೆ ನಿಂತೇ ಹೇಳಿದಳು. ಬಟ್ಟಲು ಒಣಗುವವರೆಗೂ ಕೋನಪ್ಪ ಕಾಲ ಸುತ್ತ ಬೂದಿ ಸುರಿದು ಇರುವೆ ಕಾದ. ಒಂದಾದ ಮೇಲೊಂದು ಕಾಲು. ಇಬ್ಬರು ಹೆಂಗಸರ ನಡುವೆ ಎತ್ತು, ಎಳಿ, ಇಳ್ಸು ಎಂಬುದು ಬಿಟ್ಟು ಬೇರೆ ಮಾತಿರಲಿಲ್ಲ. ಹುಳಗಳು ಮೇಲೆ ತಮ್ಮ ಪಾಡಿಗೆ ತಿನ್ನುತ್ತಿದ್ದವು. ಕೊನೆಯ ಬಟ್ಟಲು ಮುಗಿಯುವಷ್ಟರಲ್ಲಿ ದಿಲ್ಷಾದಳ ಹೆಗಲು ಕೆಂಪಗೆ ಕಂದಿಹೋಗಿತ್ತು.

ಹೊರಗೆ ಬಂದು ಅವಳು ಕೆಂಪರಾಜುವಿಗೆ ಹೇಳಿದಳು. "ಗೂಡಾದ್ಮೇಲೆ ಬನ್ನಿ ಸಾರ್. ಅಲ್ಲೀವರ್ಗೂ ನಮ್ಮನೇಲಿ ಸೊಳ್ಳೆಪರದೆ ಕಟ್ತೀವಿ." ಕೆಂಪರಾಜು ಅಮೃತಳ ಮುಖ ನೋಡಿದ. ಹುಟ್ಟೋ ಜಾಗ ಕ್ಲೀನಾಯ್ತಲ್ಲ ಸಾರ್, ಬೀದಿ ಪೂರ್ತಿ ಇವತ್ತೇ ಡ್ರಮ್ಮು ಖಾಲಿ ಮಾಡಿಸ್ತೀನಿ ಎಂದಳು ಅವಳು. ಅವನು ಹೆಲ್ಮೆಟ್ ಹಾಕಿಕೊಂಡ.

ಮಗಳ ಬಟ್ಟೆಯ ಚೀಲ ಹಿಡಿದು ಬಸ್ಸಿಗೆ ಹೊರಟ ದಿಲ್ಷಾದ್ ಜಗಲಿಯ ಹತ್ತಿರ ನಿಂತಳು.

"ಮನ್ನಿಸ್ಬಿಟ್ಟೆ ಅನ್ಕೋಬೇಡಕ್ಕ. ಮಗು ಮನೆಗೆ ಬರ್ಲಿ ಮೊದ್ಲು."

"ಮನ್ನಿಸ್ಬೇಡ. ಬೈಯೋಕಾದ್ರೂ ಬರ್ತಿರು," ಎಂದಳು ಮುನಿಗಂಗಮ್ಮ.

ಹುಳ ಹಣ್ಣಾಯಿತು, ಗೂಡಿಗೆ ಏರಿತು. ಗೂಡು ಬಿಡಿಸಿದ ದಿನ ಯಂತ್ರ ಬಂದು ಬೀದಿಯೆಲ್ಲ ಹೊಗೆ ತುಂಬಿಸಿತು. ಮುನಿಗಂಗಮ್ಮನೇ ಮುಂದೆ ನಿಂತು, ಆ ಮೂಲೆ ಬಿಟ್ಟೆಯಲ್ಲಪ್ಪ ಎಂದು ಯಂತ್ರದವನ ಪ್ರಾಣ ತಿಂದಳು. ಅದೇ ವಾರ ಸಾಬ್ರೀನ್ ಮನೆಗೆ ಬಂದಳು, ಸೋತು ಸುಣ್ಣವಾಗಿ, ಆದರೆ ನಡೆದುಕೊಂಡೇ. ಜಗಲಿಗೆ ಬರಲು ಅಮ್ಮ ಬಿಡಲಿಲ್ಲ. ಮುನಿಗಂಗಮ್ಮ ಕೇಳಲೂ ಇಲ್ಲ. ಎಳನೀರು ಕೊಚ್ಚಿ ಗೋಡೆಯ ಮೇಲಿಟ್ಟು ಬರುತ್ತಿದ್ದಳು. ಮೊದಲೆರಡು ದಿನ ಅದು ಅಲ್ಲೇ ಇತ್ತು. ಮೂರನೇ ದಿನದಿಂದ ಖಾಲಿ ಬುರುಡೆ ಮಾತ್ರ ಇರುತ್ತಿತ್ತು. ಬುರುಡೆಯಲ್ಲಿ ನೀರು ನಿಲ್ಲದ ಹಾಗೆ ದಿಲ್ಷಾದ್ ಅದನ್ನು ಮಗುಚಿ ಇಟ್ಟಿರುತ್ತಿದ್ದಳು.

ಶುಕ್ರವಾರ ಮುನಿಗಂಗಮ್ಮ ತನ್ನ ಬಟ್ಟಲುಗಳನ್ನು ಉಜ್ಜಿ ಬಿಸಿಲಿಗೆ ಬೋರಲು ಹಾಕಿದಳು. ಆಮೇಲೆ ಆ ಸ್ಟೀಲಿನ ಲೋಟ ಹಿಡಿದು ಬೀದಿಗೆ ಇಳಿದಳು. ಮೊದಲು ನಿಂತದ್ದು ಆವುಲಪ್ಪನ ಡ್ರಮ್ಮುಗಳ ಮುಂದೆ.

"ಗೋಣಿ ತೆಗಿ, ನೀರು ನೋಡ್ಬೇಕು."

ಆವುಲಪ್ಪ ಬಾಗಿಲಿಗೆ ಬಂದು ಅವಳನ್ನು ಮೇಲಿನಿಂದ ಕೆಳಗೆ ನೋಡಿದ. "ಕೇಳೋಕೆ ನೀನ್ಯಾರಮ್ಮ? ಆಶಾನಾ? ಇನ್ಸ್‌ಪೆಕ್ಟರಾ?"

"ಪಕ್ಕದ್ಮನೆ ಮಗೂನ ಆಸ್ಪತ್ರೆಗೆ ಕಳ್ಸಿದೋಳು," ಎಂದಳು ಮುನಿಗಂಗಮ್ಮ. "ಮುಚ್ಚಳ ತೆಗಿ."